ಮಿಕ್ಸಿ ಕೊಳ್ಳುವಾಗ ನಾನು ಮೊದಲು ನೋಡುವುದು ಚಿಕ್ಕ ಜಾರನ್ನು

ದಾವಣಗೆರೆಯ ನಮ್ಮ ಅಡುಗೆಮನೆಯಲ್ಲಿ ಮಿಕ್ಸಿಗೆ ಬೀಳುವ ಕೆಲಸ ಹೀಗಿದೆ: ಬೆಳಿಗ್ಗೆ ದೋಸೆಗೆ ಬಿಳಿ ಚಟ್ನಿ, ಮಧ್ಯಾಹ್ನದ ರೊಟ್ಟಿಗೆ ಶೇಂಗಾ ಚಟ್ನಿ ಇಲ್ಲವೇ ಗುರೆಳ್ಳು (ಹುಚ್ಚೆಳ್ಳು) ಪುಡಿ, ನಡುವೆ ಸಾರಿನ ಮಸಾಲೆ. ಹಣ್ಣಿನ ರಸ ಮಾವಿನ ಕಾಲದಲ್ಲಿ ಮಾತ್ರ. ಒಂದು ಹಿಡಿ ಒಣ ಕಾಳನ್ನು ಹಾಕಿದರೂ ಸರಿಯಾಗಿ ಅರೆದುಕೊಡುವ ಯಂತ್ರ ನಮಗೆ ಬೇಕು. ಅಂಗಡಿಯವರು ಮಾತ್ರ 'ಎಷ್ಟು ವ್ಯಾಟ್ ಕೊಡಲಿ?' ಎಂಬಲ್ಲಿಂದಲೇ ಮಾತು ಶುರು ಮಾಡುತ್ತಾರೆ.

ಹಳೆಯ ಮಿಕ್ಸಿ ಕೈಕೊಟ್ಟಾಗ ನಾನು ಷೋರೂಮಿಗಿಂತ ಮುಂಚೆ ರಿಪೇರಿ ಅಂಗಡಿಗೆ ಹೋದೆ. ಯಾವುದು ಬೇಗ ಕೆಡುತ್ತದೆ ಎಂಬುದು ಮಾರುವವರಿಗಿಂತ ಬಿಚ್ಚುವವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿ ಮೇಜಿನ ಮೇಲೆ ಮೋಟಾರುಗಳಿಗಿಂತ ಜಾರುಗಳೇ ಹೆಚ್ಚು ಕಂಡವು. ಬ್ಲೇಡಿನ ಕೆಳಗೆ ಅದರ ಕಡ್ಡಿಯನ್ನು ಹಿಡಿದಿರುವ ಬುಷ್ ಎಂಬ ಬಳೆ ಸವೆದು ಸೋರುತ್ತಿದ್ದವು, ಜಾರನ್ನು ಮೋಟಾರಿಗೆ ಜೋಡಿಸುವ, ಹಲ್ಲು ಮುರಿದ ಕಪ್ಲರ್‌ನವು, ಹಿಡಿ ಸಡಿಲವಾದವು. ಮೋಟಾರಿನಲ್ಲಿ ಸವೆಯುವುದು ಹೆಚ್ಚಾಗಿ ಕಾರ್ಬನ್ ಬ್ರಷ್, ಅಂದರೆ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಚಿಕ್ಕ ತುಂಡು. ಅದನ್ನು ಬದಲಿಸಲು ದೊಡ್ಡ ಖರ್ಚಿಲ್ಲ. ನಾನು ಕೇಳಿದ ಪ್ರಶ್ನೆ ಒಂದೇ: ಯಾವ ಮಿಕ್ಸಿಯ ಬುಷ್, ಬ್ಲೇಡು, ಕಪ್ಲರ್ ನಮ್ಮ ಊರಿನಲ್ಲೇ ಸಿಗುತ್ತವೆ? ಆ ಉತ್ತರದಿಂದಲೇ ಅರ್ಧ ಆಯ್ಕೆ ಮುಗಿಯಿತು.

ವ್ಯಾಟ್ ವಿಷಯವನ್ನು ಬೇಗ ಮುಗಿಸುತ್ತೇನೆ. ಇಬ್ಬರೇ ಇರುವ ಮನೆಗೆ 500 ವ್ಯಾಟ್ ಸಾಕು. ನಾಲ್ಕೈದು ಜನರಿದ್ದು ಒಣ ಪುಡಿಗಳನ್ನೂ ಮಾಡುವುದಾದರೆ 750. ಸಾವಿರ ವ್ಯಾಟಿನದನ್ನು ಕೊಂಡು ಎರಡು ಚಮಚ ಚಟ್ನಿ ಅರೆಯುವುದು ನನಗೆ ಆಡಂಬರವೆನಿಸುತ್ತದೆ. ಆ ಸಂಖ್ಯೆ ಯಂತ್ರ ಎಷ್ಟು ವಿದ್ಯುತ್ ಎಳೆಯುತ್ತದೆ ಎಂದು ಹೇಳುತ್ತದೆ. ಎಷ್ಟು ನುಣ್ಣಗೆ ಅರೆಯುತ್ತದೆ ಎಂಬುದು ಬ್ಲೇಡಿಗೂ ಜಾರಿಗೂ ಸೇರಿದ ಮಾತು.

ಹಾಗಾಗಿ ಅಂಗಡಿಯಲ್ಲಿ ನಾನು ಮೊದಲು ಚಿಕ್ಕ ಜಾರಿನ ಮುಚ್ಚಳ ತೆಗೆಸಿದೆ. ಸಾಮಾನ್ಯವಾಗಿ ಮೂರು ಜಾರು ಬರುತ್ತವೆ: ಒಂದೂವರೆ ಲೀಟರಿನದು, ಒಂದು ಲೀಟರಿನದು, 400 ಮಿಲಿ ಲೀಟರ್ ಆಸುಪಾಸಿನ ಚಟ್ನಿ ಜಾರು. ದಿನಬೆಳಗಾದರೆ ಕೈಗೆ ಬರುವುದು ಮೂರನೆಯದೇ. ಅದರಲ್ಲಿ ಬ್ಲೇಡು ತಳಕ್ಕೆ ಹತ್ತಿರ ಇರಬೇಕು. ನಡುವೆ ಚಮಚದ ಹಿಡಿ ನುಗ್ಗುವಷ್ಟು ಸಂದಿ ಇದ್ದರೆ, ಸ್ವಲ್ಪವೇ ಹಾಕಿದ ಕಾಯಿಯೂ ಮೆಣಸಿನಕಾಯಿಯೂ ಕೆಳಗೆ ಕುಳಿತು ಬ್ಲೇಡು ಬರಿದೇ ತಿರುಗುತ್ತದೆ. ಜಾರಿನ ಒಳಗೋಡೆಯಲ್ಲಿ ಉಬ್ಬು ಗೆರೆಗಳಿರಬೇಕು. ಗೋಡೆಗೆ ಹಾರಿದ್ದನ್ನು ಮತ್ತೆ ನಡುವಿಗೆ ತಳ್ಳುವುದು ಅವೇ. ಮುಚ್ಚಳ ಬಿಗಿಯಾಗಿ ಕೂರಬೇಕು. ಬಣ್ಣ, ಮಿನುಗುವ ದೀಪ ಇವೆಲ್ಲ ಷೋರೂಮಿಗೆ ಚೆಂದ.

ಸಂಬಂಧಿಕರೊಬ್ಬರು ಅಮೆರಿಕದಿಂದ ಎತ್ತರದ ಜಗ್ಗಿನ ಬ್ಲೆಂಡರ್ ತಂದು, ನನಗೇ ಕೊಡುವುದಾಗಿ ಹೇಳಿದ್ದರು. ಬೇಡವೆಂದೆ. ಅಲ್ಲಿನ ಯಂತ್ರ 120 ವೋಲ್ಟಿನದು, ನಮ್ಮ ಗೋಡೆಯಲ್ಲಿರುವುದು 230. ನಡುವೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಾಕಿದರೆ ಸುಡುತ್ತದೆ. ಅದು ಬಿಟ್ಟರೂ, ಆ ಜಗ್ಗು ಹಣ್ಣು, ಹಾಲು, ಮಂಜುಗಡ್ಡೆ ಸುತ್ತಲು ಮಾಡಿದ್ದು. ನಾಲ್ಕು ಹಸಿಮೆಣಸಿನಕಾಯಿ, ಒಂದು ಹಿಡಿ ಹುರಿಗಡಲೆ ಹಾಕಿದರೆ ಅದರ ತಳದಲ್ಲಿ ಕಳೆದೇ ಹೋಗುತ್ತವೆ.

ಇನ್ನು ಬಳಕೆ. ಗುರೆಳ್ಳು ಪುಡಿಯೇ ನನ್ನ ಮಟ್ಟಿಗೆ ಮಿಕ್ಸಿಯ ಪರೀಕ್ಷೆ. ಗುರೆಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿದು ಪೂರ್ತಿ ಆರಲು ಬಿಡುತ್ತೇನೆ. ಬಿಸಿಯಾಗಿ ಹಾಕಿದರೆ ಆವಿ ಮುಚ್ಚಳಕ್ಕೆ ತಗುಲಿ ನೀರಾಗಿ, ಪುಡಿ ಗಂಟುಕಟ್ಟುತ್ತದೆ. ಮೊದಲು ಹುರಿದ ಬ್ಯಾಡಗಿ ಮೆಣಸಿನಕಾಯಿ, ಕರಿಬೇವು, ಉಪ್ಪು, ಚೂರು ಹುಣಸೆಹಣ್ಣು. ಅವು ಪುಡಿಯಾದ ಮೇಲೆ ಗುರೆಳ್ಳು. ಸಿಪ್ಪೆಸಹಿತ ಬೆಳ್ಳುಳ್ಳಿ ಕಟ್ಟಕಡೆಗೆ, ಎರಡೇ ಸುತ್ತು. ಗುಂಡಿಯನ್ನು ಬಲಕ್ಕೆ ತಿರುಗಿಸಿ ಬಿಟ್ಟುಬಿಡುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಪಲ್ಸ್ ಕಡೆಗೆ ಒಂದೆರಡು ಸೆಕೆಂಡು ತಿರುಗಿಸಬೇಕು, ಬಿಡಬೇಕು, ಜಾರನ್ನು ಎತ್ತಿ ಕುಲುಕಬೇಕು, ಮತ್ತೆ ತಿರುಗಿಸಬೇಕು. ಶೇಂಗಾಕ್ಕೆ ಇದು ಇನ್ನೂ ಮುಖ್ಯ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಎಣ್ಣೆಯೇ ಇದೆ. ಬ್ಲೇಡಿನ ಬಿಸಿಗೆ ಅದು ಹೊರಬಂದರೆ ಚಟ್ನಿಯ ಬದಲು ಮುದ್ದೆ ಸಿಗುತ್ತದೆ. ಒಣ ಪದಾರ್ಥ ಅರ್ಧ ಜಾರಿಗಿಂತ ಹೆಚ್ಚು ಹಾಕುವುದಿಲ್ಲ.

ಬಿಳಿ ಚಟ್ನಿಗೆ ಹುರಿಗಡಲೆಯನ್ನು ಒಣದಾಗಿಯೇ ಒಂದು ಸುತ್ತು ಪುಡಿ ಮಾಡಿ, ಆಮೇಲೆ ಕಾಯಿ, ಹಸಿಮೆಣಸಿನಕಾಯಿ, ಉಪ್ಪು, ಸ್ವಲ್ಪವೇ ನೀರು. ನೀರನ್ನು ಒಮ್ಮೆಗೇ ಸುರಿದರೆ ಕಾಯಿಯ ಚೂರುಗಳು ತೇಲಾಡುತ್ತವೆ, ಅರೆಯುವುದಿಲ್ಲ.

ಬೆಣ್ಣೆ ದೋಸೆಯ ಹಿಟ್ಟನ್ನು ಮಿಕ್ಸಿಯಲ್ಲಿ ಮಾಡಬಹುದೇ ಎಂದು ಬೇರೆ ಊರಿನ ನೆಂಟರು ಕೇಳುತ್ತಾರೆ. ಮಾಡಬಹುದು. ನಾನು ಮಾಡುವುದು ಗ್ರೈಂಡರ್ ತೊಳೆಯಲು ಬೇಸರವಾದ ದಿನ. ಖಾಲಿ ತಿರುಗುವಾಗ ಮಿಕ್ಸಿಯ ಬ್ಲೇಡು ನಿಮಿಷಕ್ಕೆ 18,000 ಸುತ್ತು ಮುಟ್ಟುತ್ತದೆ. ಆ ವೇಗಕ್ಕೆ ಹಿಟ್ಟು ಬಿಸಿಯಾಗುತ್ತದೆ, ಉದ್ದು ಕಲ್ಲಿನಲ್ಲಿ ಉಬ್ಬಿದಂತೆ ಉಬ್ಬುವುದಿಲ್ಲ. ಅದಕ್ಕೇ ಫ್ರಿಜ್ಜಿನ ನೀರು ಹಾಕಿ, ಸ್ವಲ್ಪ ಸ್ವಲ್ಪವಾಗಿ, ನಡುನಡುವೆ ನಿಲ್ಲಿಸಿ ಅರೆಯುತ್ತೇನೆ. ಅಕ್ಕಿ, ಉದ್ದು, ಮೆಂತ್ಯದ ಜೊತೆಗೆ ಹಾಕುವ ಮಂಡಕ್ಕಿ ನೆನೆದರೆ ಬೆಣ್ಣೆಯಂತಾಗುತ್ತದೆ, ಅದಕ್ಕೆ ಯಂತ್ರ ಯಾವುದಾದರೂ ಸರಿ. ಬೇಸಿಗೆಯಲ್ಲಿ ಒಣಗಿಸಿದ ವರ್ಷದ ಖಾರದ ಪುಡಿ, ಜೋಳದ ಹಿಟ್ಟು ಇವೆರಡೂ ಗಿರಣಿಯ ಕೆಲಸ. ಮನೆಯ ಮಿಕ್ಸಿಯಲ್ಲಿ ಕಿಲೋಗಟ್ಟಲೆ ಮೆಣಸಿನಕಾಯಿ ಪುಡಿ ಮಾಡಿ ಹಣ ಉಳಿಸಿದೆ ಎನ್ನುವವರು ಸೀನಿದ ಲೆಕ್ಕವನ್ನು ಸೇರಿಸಿರುವುದಿಲ್ಲ.

ಬಿಸಿ ಬೇಳೆ, ಬೆಂದ ಟೊಮೆಟೊ ಹಾಕಿ ಮುಚ್ಚಳ ಬಿಗಿದರೆ ಆವಿ ಅದನ್ನು ಮೇಲಕ್ಕೆ ಹಾರಿಸುತ್ತದೆ, ಕೈ ಮುಖ ಸುಡುತ್ತದೆ. ಆರಿದ ಮೇಲೆಯೇ ಹಾಕಬೇಕು. ಏಪ್ರಿಲ್ ತಿಂಗಳ ನಮ್ಮೂರಿನ ಬಿಸಿಲಿನಲ್ಲಿ ಮೋಟಾರು ಬೇಗ ಕಾಯುತ್ತದೆ. ಅರೆಯುತ್ತಿದ್ದ ಮಿಕ್ಸಿ ತಟ್ಟನೆ ನಿಂತರೆ ಸುಟ್ಟುಹೋಯಿತೆಂದು ಗಾಬರಿಯಾಗಬೇಕಿಲ್ಲ. ಪ್ಲಗ್ ತೆಗೆದು, ಜಾರಿನ ಭಾರ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು, ಅಡಿಯಲ್ಲಿರುವ ಕೆಂಪು ಗುಂಡಿಯನ್ನು ಒತ್ತಿದರೆ ಮತ್ತೆ ಓಡುತ್ತದೆ. ಸುಟ್ಟ ವಾಸನೆ ಬಂದರೆ ಮಾತ್ರ ರಿಪೇರಿಗೆ.

ಬ್ಲೇಡು ಹರಿತವಾಗಲೆಂದು ಕಲ್ಲುಪ್ಪು ಅರೆಯುವ ಪದ್ಧತಿ ಬೀದಿಬೀದಿಯಲ್ಲಿದೆ. ಉಪ್ಪು ಉಕ್ಕಿಗಿಂತ ಮೆದು. ಅದರಿಂದ ಜಿಡ್ಡು ಬಿಡಬಹುದು, ಅಲಗು ಬರುವುದಿಲ್ಲ. ಉಪ್ಪು, ಹುಣಸೆ ಸೇರಿದ್ದನ್ನು ಜಾರಿನಲ್ಲೇ ರಾತ್ರಿಯಿಡೀ ಬಿಟ್ಟರೆ ಬುಷ್ ತಿನ್ನುತ್ತದೆ. ಜಾರಿನ ಅಡಿಯಲ್ಲಿ ಕಪ್ಪು ನೀರು ಕಂಡ ದಿನವೇ ಹೊಸ ಬುಷ್ ಹಾಕಿಸಬೇಕು, ಇಲ್ಲವಾದರೆ ಆ ನೀರು ಮೋಟಾರಿಗೆ ಇಳಿಯುತ್ತದೆ. ಹಾಕಿಸಿ ತಂದ ಮೇಲೆ ಮೊದಲೆರಡು ಸಲ ಬರೀ ನೀರು ತಿರುಗಿಸಿ ಚೆಲ್ಲುತ್ತೇನೆ; ಹೊಸ ಬುಷ್‌ನ ಗ್ರೀಸ್ ವಾಸನೆ ಚಟ್ನಿಗೆ ಹತ್ತಬಾರದು.