ಏರ್‌ಬ್ರಷ್ ಬಣ್ಣದ ಹದ: ನನ್ನ ಅನುಭವ

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಒಂದು ಮಾರುತ್ ಯುದ್ಧವಿಮಾನ ನಿಂತಿದೆ. ನಮ್ಮ ಎಚ್‌ಎಎಲ್‌ನಲ್ಲೇ ತಯಾರಾಗಿ 1961ರ ಜೂನ್ 17ರಂದು ಮೊದಲ ಸಲ ಹಾರಿದ ಎಚ್‌ಎಫ್-24. ಚಿಕ್ಕವನಿದ್ದಾಗ ಅದನ್ನು ನೋಡಿದ ದಿನದಿಂದ ಅದರ ಮೇಲೆ ನನಗೆ ಪ್ರೀತಿ. ಹಾಗಾಗಿ 1/72 ಅಳತೆಯ, ಅಂದರೆ ನಿಜವಾದ ವಿಮಾನಕ್ಕಿಂತ 72 ಪಟ್ಟು ಚಿಕ್ಕದಾದ, ಜೋಡಿಸುವ ಪ್ಲಾಸ್ಟಿಕ್ ಮಾರುತ್ ಮಾಡೆಲ್ ಕಿಟ್ ಕೈಗೆ ಬಂದಾಗ, ಬಣ್ಣ ಮಾತ್ರ ಹಾಳಾಗಬಾರದು ಅಂತ ಹಟ ಹಿಡಿದೆ.

ಬಣ್ಣವನ್ನು ಯಾಕೆ ಅಷ್ಟು ತೆಳು ಮಾಡಬೇಕು? ಒಂದು ಲೆಕ್ಕ ನೋಡಿ. ಮಾಡೆಲ್ ಮೇಲೆ ಬಣ್ಣ 0.1 ಮಿಲಿಮೀಟರ್ ದಪ್ಪ ಕೂತರೆ, ಅದು ನಿಜವಾದ ವಿಮಾನದ ಮೇಲೆ 7 ಮಿಲಿಮೀಟರ್ ದಪ್ಪ ಬಳಿದ ಹಾಗೆ. ರೆಕ್ಕೆಯ ಮೇಲಿನ ಕೂದಲೆಳೆಯಂಥ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಅದೂ ಅಲ್ಲದೆ, ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ನನ್ನ ಏರ್‌ಬ್ರಷ್‌ನ ನಾಜಲ್, ಅಂದರೆ ಬಣ್ಣ ಹೊರಬರುವ ತೂತು, ಬರೀ 0.3 ಮಿಲಿಮೀಟರ್. ಗಟ್ಟಿ ಬಣ್ಣ ಅದರಲ್ಲಿ ಇಳಿಯುವುದೇ ಇಲ್ಲ.

ಶುರುವಿನಲ್ಲಿ ನಾನು ಅಳತೆಯ ಹಿಂದೆ ಬಿದ್ದಿದ್ದೆ. ಬಣ್ಣಕ್ಕೆ ಥಿನ್ನರ್ (ಬಣ್ಣ ತೆಳು ಮಾಡುವ ದ್ರವ) ಒಂದಕ್ಕೆ ಒಂದಾ, ಒಂದಕ್ಕೆ ಎರಡಾ? ಈಗ ನನಗೆ ಖಾತ್ರಿಯಾಗಿರುವುದು ಇಷ್ಟು: ಅಳತೆ ಶುರು ಮಾಡಲಿಕ್ಕೆ ಸರಿ, ಕೊನೆಗೆ ನೋಡಬೇಕಾದದ್ದು ಹದ. ಒಂದೇ ಕಂಪನಿಯ ಬಿಳಿಗೂ ಕಪ್ಪಿಗೂ ಹದ ಬೇರೆ. ಆರು ತಿಂಗಳು ಕಪಾಟಿನಲ್ಲಿ ಕೂತ ಬಾಟಲಿಯದ್ದು ಇನ್ನೂ ಬೇರೆ.

ಹದ ನೋಡುವುದು ಹೀಗೆ. ನೀಲಿ ಪ್ಯಾಕೆಟ್ ಹಾಲನ್ನು ಲೋಟದಲ್ಲಿ ಹಾಕಿ ಒಮ್ಮೆ ಅಲುಗಿಸಿ. ಒಳಗಿನ ಗೋಡೆಗೆ ತೆಳ್ಳಗೆ ಅಂಟಿಕೊಂಡು, ಹಿಂದೆ ಸಣ್ಣ ಪೊರೆ ಬಿಟ್ಟು, ಮೆಲ್ಲಗೆ ಕೆಳಗೆ ಜಾರುತ್ತದೆ ಅಲ್ವಾ? ಬಣ್ಣವೂ ಹಾಗೇ ಜಾರಬೇಕು. ದೋಸೆ ಹಿಟ್ಟಿನ ಹಾಗೆ ಗೋಡೆಗೆ ಅಂಟಿಕೊಂಡೇ ಇದ್ದರೆ ಇನ್ನೂ ಗಟ್ಟಿ. ಗುರುತೇ ಉಳಿಯದೆ ನೀರಿನ ಹಾಗೆ ಸರ್ರನೆ ಇಳಿದರೆ ತೆಳು ಜಾಸ್ತಿಯಾಯಿತು.

ನಾನು ಏರ್‌ಬ್ರಷ್ ಬಟ್ಟಲಿನಲ್ಲಿ ಕಲಸುವುದಿಲ್ಲ. ಸರಿಯಾಗಿ ಬೆರೆಯದ ಗಟ್ಟಿ ಬಣ್ಣ ನೇರವಾಗಿ ತಳಕ್ಕಿಳಿದು ನಾಜಲ್‌ನಲ್ಲಿ ಕೂತುಬಿಡುತ್ತದೆ. ಬೇರೆ ಸಣ್ಣ ಕಪ್ಪಿನಲ್ಲಿ ಮೊದಲು ಥಿನ್ನರ್ 10 ಹನಿ, ಆಮೇಲೆ ಬಣ್ಣ 10 ಹನಿ, ಜೊತೆಗೆ ಬಣ್ಣ ಸರಾಗವಾಗಿ ಹರಿಯಲು ಫ್ಲೋ ಇಂಪ್ರೂವರ್ ಅನ್ನುವ ದ್ರವ ಒಂದೆರಡು ಹನಿ. ಇದು ವಾಲೆಹೊ ಕಂಪನಿಯ ಮಾಡೆಲ್ ಕಲರ್ ಅನ್ನುವ ಅಕ್ರಿಲಿಕ್ ಬಣ್ಣಕ್ಕೆ ನಾನು ಶುರು ಮಾಡುವ ಲೆಕ್ಕ. ಮೆತ್ತನೆಯ ಬ್ರಷ್‌ನಲ್ಲಿ ಕಲಸಿ, ಗೋಡೆಗೆ ಎಳೆದು ನೋಡಿ, ಬೇಕಾದರೆ ಒಂದೊಂದೇ ಹನಿ ಥಿನ್ನರ್ ಸೇರಿಸುತ್ತೇನೆ. ಹಳೆಯ ಬಾಟಲಿಯಾದರೆ ನೈಲಾನ್ ಕಾಲುಚೀಲದ ತುಂಡಿನಲ್ಲಿ ಸೋಸುತ್ತೇನೆ.

ಥಿನ್ನರ್ ಬದಲು ಸುಮ್ನೆ ನೀರು ಹಾಕಿದರೆ ಆಗಲ್ವಾ? ಸ್ವಲ್ಪ ಆಗುತ್ತದೆ. ಆದರೆ ನೀರು ಪ್ಲಾಸ್ಟಿಕ್ ಮೇಲೆ ಹರಡದೆ ಹನಿ ಹನಿಯಾಗಿ ನಿಲ್ಲುತ್ತದೆ. ಬಣ್ಣವನ್ನು ಹಿಡಿದಿಡುವ ಅಂಟೂ ನೀರು ಹೆಚ್ಚಾದಷ್ಟು ಸಡಿಲವಾಗುತ್ತದೆ. ನಮ್ಮ ಮನೆಯ ಬೋರ್‌ವೆಲ್ ನೀರಂತೂ ಒಣಗಿದ ಮೇಲೆ ಬಿಳಿ ಕಲೆ ಬಿಡುವಂಥದ್ದು. ನೀರು ಬೇಕೇ ಬೇಕು ಅನ್ನುವಾಗ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತರುತ್ತೇನೆ. ತುಂಬ ಅಗ್ಗ, ಎಲ್ಲ ಕಡೆ ಸಿಗುತ್ತದೆ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಅಕ್ರಿಲಿಕ್ ಅಂತ ಬರೆದಿದ್ದ ಮಾತ್ರಕ್ಕೆ ಎಲ್ಲ ಬಣ್ಣವೂ ಒಂದೇ ಅಲ್ಲ. ಟಾಮಿಯಾ ಕಂಪನಿಯ ಅಕ್ರಿಲಿಕ್‌ಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಚೆನ್ನಾಗಿ ಹೊಂದುತ್ತದೆ. ಅದನ್ನೇ ವಾಲೆಹೊ ತರಹದ ನೀರಿನ ಬಣ್ಣಕ್ಕೆ ಹಾಕಬಾರದು. ಒಂದು ರಾತ್ರಿ ಗಡಿಬಿಡಿಯಲ್ಲಿ ನಾನು ಬಾಟಲಿ ಅದಲುಬದಲು ಮಾಡಿದೆ. ನೋಡನೋಡುತ್ತಿದ್ದ ಹಾಗೆ ಬಣ್ಣ ಒಡೆದ ಹಾಲಿನ ಹಾಗೆ ಗಂಟು ಕಟ್ಟಿ, ರಬ್ಬರಿನಂತಾಗಿ ನಾಜಲ್‌ನಲ್ಲಿ ಸಿಕ್ಕಿಕೊಂಡಿತು. ಏರ್‌ಬ್ರಷ್ ಒಳಗಿನ ಸೂಜಿ ಹೊರಗೆಳೆದು, ನಾಜಲ್ ಬಿಚ್ಚಿ, ಅದನ್ನು ಕೆದಕಿ ತೆಗೆಯಲು ಎರಡು ಗಂಟೆ ಬೇಕಾಯಿತು. ಆವತ್ತಿನಿಂದ ಆಲ್ಕೊಹಾಲ್ ಬಾಟಲಿಗೆ ಕೆಂಪು ಟೇಪ್ ಸುತ್ತಿಟ್ಟಿದ್ದೇನೆ.

ಗಾಳಿಯ ಒತ್ತಡ ಸುಮಾರು 18 ಪಿಎಸ್‌ಐ. ಟ್ರಿಗರ್ ಒತ್ತಿ ಗಾಳಿ ಬಿಟ್ಟುಕೊಂಡೇ ಗೇಜ್ ನೋಡಬೇಕು. ಸುಮ್ನೆ ಇಟ್ಟಾಗ ತೋರಿಸುವ ಅಂಕಿ, ಗಾಳಿ ಹರಿಯುವಾಗ ಕೆಳಗಿಳಿಯುತ್ತದೆ. ಮಾಡೆಲ್ ಮುಟ್ಟುವ ಮುಂಚೆ ಬಿಳಿ ಪ್ಲಾಸ್ಟಿಕ್ ಚಮಚದ ಬೆನ್ನಿಗೆ ಒಂದು ಗೆರೆ ಹೊಡೆಯುತ್ತೇನೆ. ಚಮಚ ಎಲ್ಲ ಹೇಳಿಬಿಡುತ್ತದೆ. ಸವರಿದರೆ ಪುಡಿ ಪುಡಿ ಅನಿಸಿದರೆ, ಬಣ್ಣ ಗಾಳಿಯಲ್ಲೇ ಒಣಗುತ್ತಿದೆ ಅಂತ ಅರ್ಥ: ಗಟ್ಟಿಯಾಗಿದೆ, ಇಲ್ಲವೇ ನಾನು ದೂರದಲ್ಲಿದ್ದೇನೆ. ಗೆರೆಯ ಅಂಚಿನಿಂದ ಜೇಡರ ಕಾಲಿನ ಹಾಗೆ ಎಳೆಗಳು ಹೊರಟರೆ ತೆಳು ಜಾಸ್ತಿ, ಇಲ್ಲವೇ ತುಂಬ ಹತ್ತಿರ ಹಿಡಿದಿದ್ದೇನೆ.

ಏಪ್ರಿಲ್ ಬಿಸಿಲಿನಲ್ಲಿ ಸೂಜಿಯ ತುದಿಯಲ್ಲೇ ಬಣ್ಣ ಒಣಗುತ್ತದೆ. ಆಗ ಫ್ಲೋ ಇಂಪ್ರೂವರ್ ಒಂದು ಹನಿ ಜಾಸ್ತಿ ಹಾಕುತ್ತೇನೆ, ಎರಡು ಮೂರು ನಿಮಿಷಕ್ಕೊಮ್ಮೆ ಥಿನ್ನರ್‌ನಲ್ಲಿ ಅದ್ದಿದ ಕಿವಿಕಡ್ಡಿಯಿಂದ ತುದಿ ಒರೆಸುತ್ತೇನೆ. ಮಳೆಗಾಲದ ಕಾಟ ಬೇರೆ. ಗಾಳಿಯ ಪೈಪಿನಲ್ಲಿ ನೀರು ಸೇರಿ, ಮಧ್ಯದಲ್ಲಿ ಟಪ್ ಅಂತ ಒಂದು ಹನಿ ರೆಕ್ಕೆಯ ಮೇಲೆ ಬೀಳುತ್ತದೆ. ಆ ನೀರನ್ನು ಹಿಡಿದಿಡುವ ಮಾಯಿಶ್ಚರ್ ಟ್ರ್ಯಾಪ್ ಇಲ್ಲದೆ ಜುಲೈನಲ್ಲಿ ಕೂರಲೇಬೇಡಿ. ಮಾಸ್ಕ್ ಮಾತ್ರ ಎಲ್ಲ ಕಾಲಕ್ಕೂ ಬೇಕು. ನೀರಿನ ಬಣ್ಣವಾದರೂ ಆ ಸಣ್ಣ ಮಂಜು ಎದೆಯೊಳಗೆ ಹೋಗಬಾರದು.

ಮಾರುತ್‌ನ ಹೊಟ್ಟೆಗೆ ತಿಳಿ ಬೂದು ಹೊಡೆದೆ. ಮೊದಲ ಕೋಟ್ ಹೊಡೆದಾಗ ಏನೂ ಹೊಡೆದೇ ಇಲ್ಲ ಅನ್ನುವ ಹಾಗಿತ್ತು, ಅಡಿಯ ಪ್ರೈಮರ್ ಪದರ ಪೂರ್ತಿ ಕಾಣುತ್ತಿತ್ತು. ಇಲ್ಲೇ ಕೈ ತಡೆದುಕೊಳ್ಳಬೇಕು. ಒಂದೇ ಸಲ ಮುಚ್ಚಲು ಹೋದರೆ ಬಣ್ಣ ಸೋರುತ್ತದೆ. ಐದೈದು ನಿಮಿಷ ಬಿಟ್ಟು ಎರಡನೆಯದು, ಮೂರನೆಯದು. ನಾಲ್ಕನೇ ಕೋಟ್‌ಗೆ ಬಣ್ಣ ತುಂಬಿಕೊಂಡಿತು. ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿದೆ. ಮೂಗಿನಿಂದ ಬಾಲದವರೆಗೆ 22 ಸೆಂಟಿಮೀಟರ್ ಉದ್ದಕ್ಕೂ ಒಂದೊಂದು ಗೆರೆಯೂ ಹಾಗೇ ಇತ್ತು.