ಹತ್ತು ವರ್ಷ ಓಡುವ ಲಿನಕ್ಸ್‌ಗೆ ಪ್ಯಾಕೇಜ್ ಮಾಡುವುದು: ನನ್ನ ಅನುಭವ

ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ನಾನು ಫೆಡೋರಾ ಲಿನಕ್ಸ್‌ಗೆ ಪ್ಯಾಕೇಜ್ ಮಾಡುತ್ತೇನೆ, ಅಂದರೆ ಬೇರೆಯವರು ಬರೆದ ಸಾಫ್ಟ್‌ವೇರನ್ನು ಅಲ್ಲಿ ಸುಲಭವಾಗಿ ಹಾಕಿಕೊಳ್ಳುವ ಹಾಗೆ ಕಟ್ಟಿ ಕೊಡುತ್ತೇನೆ. ಇದಕ್ಕೆ ಸಂಬಳ ಇಲ್ಲ, ಇಷ್ಟ ಇದೆ ಅಂತ ಮಾಡುವುದು. ಈಚಿನ ವರ್ಷಗಳಲ್ಲಿ ಆ ಸಮಯದ ದೊಡ್ಡ ಪಾಲು ಎಪೆಲ್‌ಗೆ ಹೋಗುತ್ತಿದೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್, ಅಂದರೆ ರೆಲ್, ಅದರ ಜೊತೆ ಬರದ ಸಾಫ್ಟ್‌ವೇರನ್ನು ಫೆಡೋರಾದ ಸ್ವಯಂಸೇವಕರು ಕಟ್ಟಿ ಇಡುವ ಜಾಗವೇ ಎಪೆಲ್. ರೆಲ್‌ಗೆ ಹೊಂದುವ ಉಚಿತ ಲಿನಕ್ಸ್‌ಗಳಾದ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಬಳಸುವವರಿಗೂ ಅದೇ ಬೇಕು. ಹೊಸ ಸರ್ವರ್ ಎದ್ದ ಕೂಡಲೇ ಎಷ್ಟೋ ಅಡ್ಮಿನ್‌ಗಳು ಮೊದಲು ಹಾಕಿಕೊಳ್ಳುವುದು ಇದನ್ನೇ.

ಯಾಕೆ ಈ ಕಡೆ ಬಂದೆ ಅಂತ ಹೇಳಬೇಕಾದರೆ ಫೆಡೋರಾದ ಓಟ ಗೊತ್ತಿರಬೇಕು. ಏಪ್ರಿಲ್ ಸುಮಾರಿಗೆ ಒಂದು, ಅಕ್ಟೋಬರ್ ಸುಮಾರಿಗೆ ಒಂದು, ವರ್ಷಕ್ಕೆ ಎರಡು ಬಿಡುಗಡೆ. ಒಂದೊಂದರ ಆಯಸ್ಸು ಸುಮಾರು 13 ತಿಂಗಳು. ಈ ನಡುವೆ ಕಂಪೈಲರ್ (ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಸಾಧನ) ಬದಲಾಗುತ್ತದೆ, ಪೈಥಾನ್ ಬದಲಾಗುತ್ತದೆ, ಎಲ್ಲ ಪ್ಯಾಕೇಜುಗಳನ್ನೂ ಒಟ್ಟಿಗೆ ಮತ್ತೆ ಬಿಲ್ಡ್ ಮಾಡುತ್ತಾರೆ, ಅಂದರೆ ಕೋಡಿನಿಂದ ಹೊಸದಾಗಿ ಕಟ್ಟುತ್ತಾರೆ. ಕೆಟ್ಟು ನಿಂತ ಪ್ಯಾಕೇಜಿನ ಮೇಲೆ ಬಗ್, ಅಂದರೆ ದೋಷದ ದೂರು, ತೆರೆಯುತ್ತದೆ. ಸರಿಮಾಡದೆ ಬಿಟ್ಟರೆ ಕೊನೆಗೆ ಅದನ್ನು ತೆಗೆದೇ ಹಾಕುತ್ತಾರೆ.

ಫೆಡೋರಾ 40ಕ್ಕೆ ಜಿಸಿಸಿ 14 ಕಂಪೈಲರ್ ಬಂದದ್ದನ್ನೇ ನೋಡಿ. ಹಳೇ ಸಿ ಕೋಡಿನಲ್ಲಿ ಫಂಕ್ಷನ್ನನ್ನು ಡಿಕ್ಲೇರ್ ಮಾಡದೆ ಕರೆದರೆ, ಅಥವಾ ಟೈಪ್ ಬರೆಯದೆ ಬಿಟ್ಟರೆ, ಮೊದಲು ಬರೀ ಎಚ್ಚರಿಕೆ ಬರುತ್ತಿತ್ತು. ಜಿಸಿಸಿ 14ರಲ್ಲಿ ಅದು ಎರರ್. ಕಂಪೈಲ್ ನಿಂತುಹೋದರೆ ಪರವಾಗಿಲ್ಲ, ಕಣ್ಣಿಗೆ ಕಾಣುತ್ತದೆ. ಕಷ್ಟ ಇರುವುದು ಕಾನ್ಫಿಗರ್ ಸ್ಕ್ರಿಪ್ಟ್‌ನಲ್ಲಿ. ಅದು ಒಂದೊಂದೇ ಸಣ್ಣ ಪ್ರೋಗ್ರಾಂ ಕಂಪೈಲ್ ಮಾಡಿ 'ಈ ಸೌಲಭ್ಯ ಇದೆಯಾ' ಅಂತ ಪರೀಕ್ಷೆ ಮಾಡುತ್ತದೆ. ಆ ಪರೀಕ್ಷೆಯ ಪ್ರೋಗ್ರಾಮೇ ಹಳೇ ಶೈಲಿಯಲ್ಲಿದ್ದರೆ ಅದು ಫೇಲ್ ಆಗುತ್ತದೆ, ಸ್ಕ್ರಿಪ್ಟ್ 'ಇಲ್ಲ' ಅಂತ ಬರೆದುಕೊಂಡು ಮುಂದೆ ಹೋಗುತ್ತದೆ. ಬಿಲ್ಡ್ ಹಸಿರು, ಪ್ಯಾಕೇಜ್ ತಯಾರು, ಆದರೆ ಒಳಗೆ ಒಂದು ಸೌಲಭ್ಯ ಮಾಯ. ಇದನ್ನು ಹಿಡಿಯಬೇಕಾದರೆ ಹಳೇ ಲಾಗ್, ಹೊಸ ಲಾಗ್ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ನೋಡಬೇಕು. ನಾನು ಹಾಗೇ ಮಾಡುತ್ತೇನೆ.

ಪೈಥಾನ್ ಕಡೆಯೂ ಇದೇ ಪಾಡು. 3.12ರಲ್ಲಿ, ಪ್ಯಾಕೇಜ್ ಕಟ್ಟಲು ಬಳಸುತ್ತಿದ್ದ ಡಿಸ್ಟ್‌ಯುಟಿಲ್ಸ್ ಹೋಯಿತು. 3.13ರಲ್ಲಿ ಸಿಜಿಐ, ಟೆಲ್ನೆಟ್‌ಲಿಬ್ ಥರದ ಹಳೇ ಮಾಡ್ಯೂಲುಗಳು ಹೋದವು. ಈ ಕೆಲಸ ಬೇಡ ಅಂತ ನಾನು ಹೇಳುವುದಿಲ್ಲ. ಫೆಡೋರಾದಲ್ಲಿ ಮೊದಲು ಕೆಟ್ಟು, ಅಲ್ಲೇ ಸರಿಹೋಗುವುದರಿಂದಲೇ ಉಳಿದವರಿಗೆ ನೆಮ್ಮದಿ. ಆದರೆ ವಾರದಲ್ಲಿ ಸಿಗುವ ನಾಲ್ಕಾರು ಗಂಟೆ ಪೂರ್ತಿ, ನಿನ್ನೆ ಓಡುತ್ತಿದ್ದದ್ದು ಇವತ್ತೂ ಓಡುವ ಹಾಗೆ ಮಾಡುವುದಕ್ಕೇ ಹೋದರೆ, ಬಳಸುವವರ ಕೈಗೆ ಏನು ಸಿಕ್ಕಿತು ಅಂತ ಕೇಳಿಕೊಳ್ಳಬೇಕಲ್ವಾ?

ರೆಲ್‌ನ ಲೆಕ್ಕ ಬೇರೆ. ರೆಲ್ 9 ಬಂದದ್ದು 2022ರ ಮೇ ತಿಂಗಳಲ್ಲಿ, ಅದರ ಆಯಸ್ಸು 2032ರ ಮೇವರೆಗೆ. ಪೈಥಾನ್ 3.9, ಜಿಸಿಸಿ 11 ಅಂತ ಬುನಾದಿ ಹಾಕಿದ್ದಾರೆ, ಅದು ಅಲುಗುವುದಿಲ್ಲ. ಇದನ್ನು ಬಳಸುವವರು ಯಾರು? ಕಾಲೇಜು ಲ್ಯಾಬುಗಳು, ಸಂಶೋಧನಾ ಕೇಂದ್ರಗಳು, ಸೆಮಿಸ್ಟರ್ ನಡುವೆ ಮಷೀನ್ ಮುಟ್ಟಲು ಧೈರ್ಯ ಬಾರದ ಸಿಸ್ಟಮ್ ಅಡ್ಮಿನ್‌ಗಳು. ಭೌತವಿಜ್ಞಾನದ ದೊಡ್ಡ ಪ್ರಯೋಗಾಲಯಗಳಾದ ಸರ್ನ್ ಮತ್ತು ಫರ್ಮಿಲ್ಯಾಬ್ 2022ರ ಡಿಸೆಂಬರ್‌ನಲ್ಲಿ ತಮ್ಮ ಪ್ರಯೋಗಗಳಿಗೆ ಆಲ್ಮಾಲಿನಕ್ಸ್ ಅಂತ ಒಟ್ಟಿಗೆ ಹೇಳಿದವು. ಭೌತವಿಜ್ಞಾನಿಗಳು ದತ್ತಾಂಶ ವಿಶ್ಲೇಷಣೆಗೆ ದಿನಾ ಬಳಸುವ ರೂಟ್ ಸಾಫ್ಟ್‌ವೇರ್ ಎಪೆಲ್‌ನಲ್ಲೇ ಸಿಗುತ್ತದೆ. ಇಲ್ಲಿ ಒಂದು ಪ್ಯಾಕೇಜನ್ನು ಸರಿಯಾಗಿ ಕಟ್ಟಿದರೆ ವರ್ಷಗಟ್ಟಲೆ ಜನರ ಕೆಲಸಕ್ಕೆ ಬರುತ್ತದೆ. ನನ್ನನ್ನು ಎಳೆದದ್ದು ಅದೇ.

ಮಾಡುವ ಕ್ರಮ ಹೇಳುತ್ತೇನೆ. ಮೊದಲು ಆ ಪ್ಯಾಕೇಜ್ ರೆಲ್‌ನಲ್ಲೇ ಇದೆಯಾ ನೋಡುತ್ತೇನೆ. ಇದ್ದರೆ ಎಪೆಲ್‌ನಲ್ಲಿ ಹಾಕುವ ಹಾಗಿಲ್ಲ, ಮೂಲದ್ದನ್ನು ಮೀರಬಾರದು ಅನ್ನುವುದು ಗಟ್ಟಿ ನಿಯಮ. ಆಮೇಲೆ ಮಾಕ್ ಅನ್ನುವ ಬಿಲ್ಡ್ ಸಾಧನದಲ್ಲಿ ಆಲ್ಮಾ ಮತ್ತು ಎಪೆಲ್ ಸೇರಿದ ಖಾಲಿ ಪರಿಸರ ಎಬ್ಬಿಸಿ ಫೆಡೋರಾದ ಸ್ಪೆಕ್ ಫೈಲನ್ನು (ಪ್ಯಾಕೇಜ್ ಕಟ್ಟುವ ಸೂಚನೆಗಳ ಫೈಲು) ಹಾಗೇ ಓಡಿಸುತ್ತೇನೆ. ಏನು ಕೊರತೆ ಅಂತ ಅದೇ ಹೇಳುತ್ತದೆ. ಸಾಮಾನ್ಯವಾಗಿ ಎರಡು ಮೂರು ಡಿಪೆಂಡೆನ್ಸಿ, ಅಂದರೆ ಇದಕ್ಕೆ ಬೇಕಾದ ಬೇರೆ ಪ್ಯಾಕೇಜುಗಳು, ಇರುವುದಿಲ್ಲ. ಅವುಗಳನ್ನು ನೋಡಿಕೊಳ್ಳುವ ಮೇಂಟೇನರ್‌ಗೆ, ದೂರು ದಾಖಲಿಸುವ ತಾಣ ಬಗ್‌ಜಿಲ್ಲಾದಲ್ಲಿ 'ಎಪೆಲ್ 9ಕ್ಕೂ ಕೊಡ್ತೀರಾ' ಅಂತ ಕೇಳುತ್ತೇನೆ, ನಾನೇ ನೋಡಿಕೊಳ್ಳುತ್ತೇನೆ ಅಂತಲೂ ಬರೆಯುತ್ತೇನೆ. ಉತ್ತರ ಬಾರದೇ ಇದ್ದರೆ ಮುಂದುವರಿಯುವುದಕ್ಕೂ ನಿಯಮ ಇದೆ. ಉಳಿದದ್ದು ಮಾಮೂಲಿ: ಎಪೆಲ್‌ಗೆ ಬೇರೆ ಬ್ರಾಂಚ್ (ಪ್ಯಾಕೇಜಿನ ಕವಲು) ಕೇಳುವುದು, ಫೆಡೋರಾದ ಬಿಲ್ಡ್ ವ್ಯವಸ್ಥೆ ಕೋಜಿಯಲ್ಲಿ ಬಿಲ್ಡ್, ಬಿಡುಗಡೆ ನೋಡಿಕೊಳ್ಳುವ ಬೋಧಿಯಲ್ಲಿ ಅಪ್‌ಡೇಟ್, ಟೆಸ್ಟಿಂಗ್‌ನಲ್ಲಿ ಸ್ವಲ್ಪ ದಿನ.

ಜಾಸ್ತಿ ತಲೆ ಓಡಿಸಬೇಕಾದದ್ದು ಯಾವ ಆವೃತ್ತಿ ಅನ್ನುವುದಕ್ಕೆ. ಮೂಲ ಪ್ರಾಜೆಕ್ಟಿನವರು ಮ್ಯಾಚ್ ಸ್ಟೇಟ್‌ಮೆಂಟ್ ಬಳಸಿದರೆ ಪೈಥಾನ್ 3.10 ಬೇಕೇ ಬೇಕು, 3.9ರಲ್ಲಿ ಸಿಂಟ್ಯಾಕ್ಸ್ ಎರರ್. ಹಾಗಾಗಿ ಹಿಂದಿನ ಆವೃತ್ತಿಗೆ ಹೋಗಬೇಕು. ಆದರೆ ಅದನ್ನು ಅವರು ಇನ್ನೂ ನೋಡಿಕೊಳ್ಳುತ್ತಾರಾ? ವೆಬ್‌ಸೈಟ್ ಕಟ್ಟಲು ಬಳಸುವ ಪೈಥಾನ್ ಸಾಫ್ಟ್‌ವೇರ್ ಜಾಂಗೋ ತಗೊಳ್ಳಿ. ಪೈಥಾನ್ 3.9ರಲ್ಲಿ ಓಡುವ ಕೊನೆಯ ಸಾಲು 4.2, ಅದು ದೀರ್ಘಕಾಲದ ಬೆಂಬಲ ಇರುವ ಆವೃತ್ತಿಯೇ. ಆದರೂ ಆ ಬೆಂಬಲ 2026ರ ಏಪ್ರಿಲ್‌ವರೆಗೆ. ರೆಲ್ 9 ಓಡುವುದು 2032ರವರೆಗೆ. ನಡುವಿನ ಆರು ವರ್ಷ ಭದ್ರತೆಯ ಹೊರೆ ಹೊರುವವರು ಯಾರು? ಪ್ಯಾಕೇಜ್ ಮಾಡಿದವರೇ. ರೆಲ್ 9ರಲ್ಲಿ ಪೈಥಾನ್ 3.11, 3.12 ಪಕ್ಕದಲ್ಲಿ ಸಿಗುತ್ತವೆ ನಿಜ, ಆದರೆ ಅವುಗಳ ಆಯಸ್ಸು ಹತ್ತು ವರ್ಷದ್ದಲ್ಲ.

ಅದಕ್ಕೇ ನಾನು ನೆಟ್‌ವರ್ಕ್‌ಗೆ ಬಾಯಿ ತೆರೆದು ಕೂತಿರುವ, ಬೇಗ ಬೇಗ ಬದಲಾಗುವ ಸಾಫ್ಟ್‌ವೇರನ್ನು ಎಪೆಲ್‌ಗೆ ಒಯ್ಯುವುದಿಲ್ಲ. ಯಾರಾದರೂ ಕೇಳಿದರೆ ಕಾರಣ ಬರೆದು ಬೇಡ ಅನ್ನುತ್ತೇನೆ. ಸಣ್ಣ ಸಿ ಲೈಬ್ರರಿ, ಕಮಾಂಡ್ ಸಾಲಿನ ಸಾಧನಗಳು, ಫೈಲ್ ಫಾರ್ಮ್ಯಾಟ್ ಓದುವ ಪೈಥಾನ್ ಲೈಬ್ರರಿ, ಇವೆಲ್ಲ ಸೈ.

ಇಂಥವಕ್ಕೂ ಸಿವಿಇ, ಅಂದರೆ ನಂಬರ್ ಕೊಟ್ಟು ಬಹಿರಂಗ ಮಾಡಿದ ಭದ್ರತಾ ದೋಷ, ಬರುತ್ತದೆ. ಆಗ ಮೂಲ ರೆಪೊಸಿಟರಿಯಲ್ಲಿ ಆ ದೋಷ ಸರಿಮಾಡಿದ ಕಮಿಟ್ (ಕೋಡಿನ ಬದಲಾವಣೆ) ಹುಡುಕುತ್ತೇನೆ. ನಮ್ಮ ಆವೃತ್ತಿಗೆ ಅದು ನೇರವಾಗಿ ಕೂರುವುದು ಕಡಿಮೆ. ನಡುವೆ ಯಾರೋ ಫಂಕ್ಷನ್ ಹೆಸರು ಬದಲಿಸಿರುತ್ತಾರೆ, ಫೈಲನ್ನೇ ಎರಡು ಮಾಡಿರುತ್ತಾರೆ. ಡೇಟಾದ ಉದ್ದ ನೋಡುವ ಒಂದು ಪರಿಶೀಲನೆ ಸೇರಿಸಿದ್ದಾರೆ ಅಂದುಕೊಳ್ಳಿ. ಆ ನಾಲ್ಕು ಸಾಲು ಹಳೇ ಕೋಡಿನಲ್ಲಿ ಎಲ್ಲಿ ಕೂರಬೇಕು, ಅದೇ ತಪ್ಪು ಇನ್ನೊಂದು ಕಡೆಯೂ ಇದೆಯಾ ಅಂತ ನೋಡಲು ಸುತ್ತಲಿನ ಇನ್ನೂರು ಸಾಲು ಓದಬೇಕು. ಅವರು ಬರೆದ ಟೆಸ್ಟನ್ನು ಮೊದಲು ಪ್ಯಾಚ್ (ಆ ತಿದ್ದುಪಡಿ) ಇಲ್ಲದೆ ಓಡಿಸಿ ಫೇಲ್ ಆಗುವುದನ್ನು ನೋಡುತ್ತೇನೆ. ಆಮೇಲೆ ಪ್ಯಾಚ್ ಹಾಕಿ ಓಡಿಸುತ್ತೇನೆ. ಸುಮ್ನೆ ಪ್ಯಾಚ್ ಹಾಕಿ ಬಿಲ್ಡ್ ಆಯಿತು ಅಂತ ಬಿಟ್ಟರೆ ಅದರಲ್ಲಿ ನಂಬಿಕೆ ಇಡುವ ಹಾಗಿಲ್ಲ. ಚೇಂಜ್‌ಲಾಗ್‌ನಲ್ಲಿ ಸಿವಿಇ ನಂಬರ್ ಕಡ್ಡಾಯವಾಗಿ ಬರೆಯುತ್ತೇನೆ. ಆವೃತ್ತಿ ಸಂಖ್ಯೆ ಹಳೆಯದೇ ಇರುವುದರಿಂದ, ಆಡಿಟ್ ಮಾಡುವವರಿಗೆ ಸರಿಯಾಗಿದೆ ಅಂತ ಗೊತ್ತಾಗುವುದು ಅಲ್ಲಿಂದಲೇ. ಈ ಕೆಲಸ ನಿಧಾನ. ಆದರೆ ಇದು ನಾನು ಆರಿಸಿಕೊಂಡ ನಿಧಾನ, ಒಂದು ಸಂಜೆಯ ಶ್ರಮಕ್ಕೆ ಅರ್ಥ ಇದೆ ಅನ್ನಿಸುತ್ತದೆ.

ದೀರ್ಘಕಾಲ ಅನ್ನುವ ಮಾತು ಯಾವಾಗಲೂ ನಿಲ್ಲುತ್ತದೆ ಅಂತಲೂ ಇಲ್ಲ. ರೆಲ್‌ನ ಉಚಿತ ಪ್ರತಿರೂಪ ಸೆಂಟ್‌ಓಎಸ್ ಲಿನಕ್ಸ್ 8, 2029ರವರೆಗೆ ಇರುತ್ತದೆ ಅಂತ ಜನ ನಂಬಿದ್ದರು. 2021ರ ಕೊನೆಗೇ ನಿಲ್ಲುತ್ತದೆ ಅಂತ 2020ರ ಡಿಸೆಂಬರ್‌ನಲ್ಲಿ ಘೋಷಣೆ ಆಯಿತು. ಆದರೂ ಎಪೆಲ್ 8 ನಿಲ್ಲಲಿಲ್ಲ. ಆಲ್ಮಾ, ರಾಕಿ ಕಡೆ ಹೋದವರು ಅವೇ ಪ್ಯಾಕೇಜುಗಳನ್ನು ಮುಂದುವರಿಸಿದರು.

ಹೊಸದಾಗಿ ಬರುವವರಿಗೆ ಒಂದು ಸಲಹೆ. ಪೂರ್ತಿ ಪ್ಯಾಕೇಜ್ ಹೊರಬೇಕಾಗಿಲ್ಲ. ಫೆಡೋರಾದಲ್ಲಿ ಎಪೆಲ್ ಬ್ರಾಂಚುಗಳಿಗೆ ಮಾತ್ರ ಕೊಲಾಬರೇಟರ್ (ಜೊತೆಗೆ ಕೆಲಸ ಮಾಡುವವರು) ಆಗಬಹುದು. ಫೆಡೋರಾದ ಸದಾ ಬದಲಾಗುವ ಅಭಿವೃದ್ಧಿ ಬ್ರಾಂಚ್ ರಾಹೈಡ್ ಕಡೆಯದ್ದನ್ನು ಮುಖ್ಯ ಮೇಂಟೇನರ್ ನೋಡಿಕೊಳ್ಳುತ್ತಾರೆ, ಸ್ಥಿರ ಬ್ರಾಂಚ್ ನಿಮ್ಮದು. ನನ್ನ ಕೆಲವು ಪ್ಯಾಕೇಜುಗಳು ಈಗ ಹೀಗೇ ನಡೆಯುತ್ತಿವೆ, ಇಬ್ಬರಿಗೂ ಹಗುರ.

ಎಪೆಲ್ 10 ಬಂದ ಮೇಲೆ ಇನ್ನೊಂದು ಅನುಕೂಲ ಆಗಿದೆ. ಅಲ್ಲಿ ರೆಲ್‌ನ ಪ್ರತಿ ಸಣ್ಣ ಆವೃತ್ತಿಗೂ, 10.0, 10.1 ಅಂತ, ಬೇರೆ ಬೇರೆ ಬ್ರಾಂಚ್. ಮುಂಚೆ ಹತ್ತು ವರ್ಷ ಒಂದೇ ಬ್ರಾಂಚ್ ಎಳೆಯಬೇಕಿತ್ತು, ಲೈಬ್ರರಿಯ ಎಬಿಐ (ಬೇರೆ ಪ್ರೋಗ್ರಾಂಗಳು ಅದರ ಜೊತೆ ಹೊಂದಿಕೊಂಡು ಓಡುವ ಕ್ರಮ) ಮುರಿಯುವ ಹಾಗಿದ್ದರೆ ಕೈ ಕಟ್ಟಿದ ಹಾಗೆ. ಈಗ ಅಂಥ ದೊಡ್ಡ ಬದಲಾವಣೆಯನ್ನು ಮುಂದಿನ ಸಣ್ಣ ಆವೃತ್ತಿಯವರೆಗೆ ತಡೆದಿಟ್ಟು, ಅಡ್ಮಿನ್‌ಗಳು ಹೇಗೂ ಅಪ್‌ಗ್ರೇಡ್‌ಗೆ ತಯಾರಾಗುವ ಹೊತ್ತಿಗೆ ಬಿಡಬಹುದು. ನನ್ನ ಒಂದು ಸಿ ಲೈಬ್ರರಿಗೆ ಈಗ ಅದೇ ಕೆಲಸ ನಡೆದಿದೆ. ಅದನ್ನು ನೆಚ್ಚಿಕೊಂಡ ಪ್ಯಾಕೇಜುಗಳನ್ನೆಲ್ಲ ಮಾಕ್‌ನಲ್ಲಿ ಒಂದೊಂದಾಗಿ ಬಿಲ್ಡ್ ಮಾಡಿ ನೋಡುತ್ತಿದ್ದೇನೆ. ಕೆಟ್ಟವುಗಳ ಮೇಂಟೇನರ್‌ಗಳಿಗೆ ಪ್ಯಾಚ್ ಸಮೇತ ಬರೆಯುತ್ತಿದ್ದೇನೆ.