ನಿದ್ದೆ ಔಷಧಿ ಬ್ಲಾಕ್‌ಗೆ ತೇಪೆಯಲ್ಲ: ನನ್ನ ಅನುಭವ

ತೊಗರಿ ರಾಶಿ ಶುರುವಾಯಿತು ಅಂದರೆ ಕಲಬುರಗಿಯಲ್ಲಿ ನಾನು ಅರಿವಳಿಕೆ ವೈದ್ಯನಾಗಿರುವ ಆಪರೇಷನ್ ಥಿಯೇಟರ್‌ಗೆ ಗಾಯಗೊಂಡ ಕೈಗಳು ಬರುವುದು ಜಾಸ್ತಿ. ಮಿಷನ್‌ಗೆ ಸಿಕ್ಕ ಬೆರಳು, ಮುರಿದ ಮುಂಗೈ. ಹೊಟ್ಟೆ ತುಂಬ ರೊಟ್ಟಿ ಉಂಡು ಹೊಲಕ್ಕೆ ಹೋದವರು ನೇರ ಇಲ್ಲಿಗೆ ಬಂದಿರುತ್ತಾರೆ, ಹಾಗಾಗಿ ಪೂರ್ತಿ ಅರಿವಳಿಕೆ ಬೇಡ, ಕೊರಳೆಲುಬಿನ ಮೇಲೆ ಅಲ್ಟ್ರಾಸೌಂಡ್ ಇಟ್ಟು ನರಕ್ಕೆ ಬ್ಲಾಕ್, ಅಂದರೆ ಕೈಯನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್, ಕೊಡೋಣ ಅಂತ ನಾನು ಮತ್ತು ಸರ್ಜನ್ ಇಬ್ಬರೂ ಒಪ್ಪುತ್ತೇವೆ.

ಇದರಲ್ಲಿ ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದು. ಬ್ಲಾಕ್ ಮುಕ್ಕಾಲು ಹಿಡಿದಿತ್ತು, ಕಿರುಬೆರಳಿನ ಕಡೆ ಮಾತ್ರ ಹಿಡಿದಿರಲಿಲ್ಲ. ಈ ಬ್ಲಾಕ್‌ನಲ್ಲಿ ಆ ಕಡೆಯ ಅಲ್ನಾರ್ ನರ ಹಾಗೆ ತಪ್ಪಿಸಿಕೊಳ್ಳುವುದು ಹೊಸತಲ್ಲ. ಸರ್ಜನ್‌ಗೆ ಅವಸರ. ರೋಗಿ 'ಉರಿತದ್ರಿ' ಅಂದ. ನಾನು ನಿದ್ದೆ ಔಷಧಿ ಮಿಡಜೋಲಾಮ್ 2 ಮಿಲಿಗ್ರಾಂ ಕೊಟ್ಟೆ, ಮೇಲೆ ನೋವಿನ ಔಷಧಿ ಫೆಂಟನಿಲ್ 50 ಮೈಕ್ರೋಗ್ರಾಂ, ಮತ್ತೆ ನರಳಿದ, ಮತ್ತೆ ಸ್ವಲ್ಪ ಕೊಟ್ಟೆ, ಆಮೇಲೆ ಅವನು ನರಳುವುದನ್ನೂ ಬಿಟ್ಟ, ಉಸಿರಾಡುವುದನ್ನೂ ಬಿಟ್ಟ. ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 84ಕ್ಕೆ ಇಳಿಯಿತು. ಗದ್ದ ಎತ್ತಿ ಮಾಸ್ಕ್ ಹಿಡಿದು ಬ್ಯಾಗ್ ಒತ್ತಿದೆ, ಎರಡು ನಿಮಿಷದಲ್ಲಿ ಸರಿಹೋಯಿತು. ನನ್ನ ಕೈ ನಡುಗುವುದು ಮಾತ್ರ ನಿಲ್ಲಲಿಲ್ಲ. ಹೊಟ್ಟೆ ತುಂಬಿದವನು ವಾಂತಿ ಮಾಡಿಕೊಂಡು ಅದು ಶ್ವಾಸಕೋಶಕ್ಕೆ ಹೋಗಿದ್ದರೆ? ಯಾವುದಕ್ಕೆ ಹೆದರಿ ಬ್ಲಾಕ್ ಆರಿಸಿದ್ದೆನೋ ಅದನ್ನೇ ಕೈಯಾರೆ ಕರೆದಿದ್ದೆ.

ಈಗ ನಾನು ಕಾಯುತ್ತೇನೆ. ಇಪ್ಪತ್ತು, ಇಪ್ಪತ್ತೈದು ನಿಮಿಷ. ಸರ್ಜನ್ ಗಡಿಯಾರ ನೋಡಲಿ, ಸಿಟ್ಟು ಮಾಡಲಿ. ಕೈಯ ನಾಲ್ಕೂ ನರದ ಜಾಗ ತಣ್ಣನೆ ಸ್ಪಿರಿಟ್ ಹತ್ತಿಯಿಂದ ಮುಟ್ಟಿ ನೋಡುತ್ತೇನೆ. ಒಂದು ಬಿಟ್ಟಿದ್ದರೆ ಮುಂಗೈಯಲ್ಲಿ ಅದೊಂದಕ್ಕೇ ಮತ್ತೆ ಸ್ವಲ್ಪ ಔಷಧಿ. ಆಮೇಲೆಯೇ ಸೆಡೇಶನ್ (ಜೊಂಪಿನ ಔಷಧಿ), ಅದೂ ಭಯಕ್ಕೆ, ನೋವಿಗಲ್ಲ. ಮಿಡಜೋಲಾಮ್ 1 ಮಿಲಿಗ್ರಾಂ ಕೊಟ್ಟು ಎರಡು ಮೂರು ನಿಮಿಷ ಸುಮ್ನೆ ನೋಡುತ್ತೇನೆ. 'ಮುತ್ಯಾ, ಎಷ್ಟು ಎಕರೆ ತೊಗರಿ?' ಅಂದರೆ ಉತ್ತರ ಬರಬೇಕು. ಮಾಸ್ಕ್‌ನಲ್ಲಿ ಆಕ್ಸಿಜನ್ ಇದ್ದಾಗ ಉಸಿರು ಕಡಿಮೆಯಾದರೂ ಸ್ಯಾಚುರೇಶನ್ ಬೇಗ ಇಳಿಯುವುದಿಲ್ಲ, ನಮ್ಮನ್ನು ಮೋಸ ಮಾಡುತ್ತದೆ. ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಅಳೆಯುವ ನಳಿಕೆಯನ್ನೂ ಹಾಕುತ್ತೇನೆ.

ಬ್ಲಾಕ್ ಕೊಡುವಾಗ ಮಾತಾಡುತ್ತಿರಲಿ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಔಷಧಿ ರಕ್ತನಾಳಕ್ಕೆ ಹೋದರೆ ಬಾಯಿ ಸುತ್ತ ಜುಮ್ಮೆನ್ನುತ್ತದೆ, ಕಿವಿ ಗುಂಯ್ ಅನ್ನುತ್ತದೆ. ನಿದ್ದೆ ಹೋದವನು ಅದನ್ನು ಹೇಳುವುದಿಲ್ಲ. ನೇರ ಫಿಟ್ಸ್ ಬಂದಾಗಲೇ ಗೊತ್ತಾಗುವುದು. ನಮ್ಮ ಕಡೆ ಕೂಲಿ ಮಾಡುವವರ ತೂಕ 45, 50 ಕಿಲೋ. ಕಿಲೋಗೆ 2 ಮಿಲಿಗ್ರಾಂ ಲೆಕ್ಕ ಹಿಡಿದರೆ 50 ಕಿಲೋದವನಿಗೆ ಮರಗಟ್ಟಿಸುವ ಔಷಧಿ 0.5% ಬುಪಿವಕೇನ್ 20 ಎಂಎಲ್‌ಗೆ ಮಿತಿ ಮುಗಿಯಿತು. ಬೇಗ ಹಿಡಿಯಲಿ ಅಂತ ಅದೇ ಜಾತಿಯ ಲಿಗ್ನೋಕೇನ್ ಸೇರಿಸಿದರೆ ಬುಪಿವಕೇನ್ ಇಳಿಸಬೇಕು, ಎರಡರ ವಿಷವೂ ಕೂಡಿಕೊಳ್ಳುತ್ತದೆ. ಆ ವಿಷಕ್ಕೆ ಮದ್ದಾದ 20% ಲಿಪಿಡ್ (ಕೊಬ್ಬಿನ ದ್ರಾವಣ) ಬಾಟಲಿ ಎದುರಿಗೆ ಇಟ್ಟುಕೊಂಡೇ ಸೂಜಿ ಹಿಡಿಯುತ್ತೇನೆ. ಮೊದಲ ಡೋಸ್ ಕಿಲೋಗೆ 1.5 ಎಂಎಲ್ ಅಂತ ಗೋಡೆಗೆ ಬರೆದು ಅಂಟಿಸಿದ್ದೇನೆ.

ಇನ್ನು ಡೆಕ್ಸ್‌ಮೆಡೆಟೊಮಿಡಿನ್. 1999ರಲ್ಲಿ ಅಮೆರಿಕದಲ್ಲಿ ಐಸಿಯು ಸೆಡೇಶನ್‌ಗೆ ಅಂತ ಅನುಮತಿ ಸಿಕ್ಕ ಔಷಧಿ. ನರದ ಹತ್ತಿರ ಹಾಕುವುದು ಲೇಬಲ್‌ನಲ್ಲಿಲ್ಲದ ಬಳಕೆ, ಆದರೂ ತುಂಬಾ ಜನ ಹಾಕುತ್ತಾರೆ, ನಾನೂ 50 ಮೈಕ್ರೋಗ್ರಾಂ ಹಾಕುತ್ತೇನೆ. ಬ್ಲಾಕ್ ಬೇಗ ಹಿಡಿಯುತ್ತದೆ, ಗಂಟೆಗಟ್ಟಲೆ ಜಾಸ್ತಿ ಇರುತ್ತದೆ. ರಕ್ತಕ್ಕೆ ಸೇರಿದಷ್ಟು ಹಾಯಾದ ಜೊಂಪೂ ಬರುತ್ತದೆ, ಕರೆದರೆ ಏಳುತ್ತಾರೆ, ಉಸಿರು ಅಷ್ಟಾಗಿ ತಗ್ಗುವುದಿಲ್ಲ. ಆದರೆ ನಾಡಿ 48ಕ್ಕೆ ಇಳಿದು ನಾಡಿ ಏರಿಸುವ ಅಟ್ರೋಪಿನ್ ಹಾಕಿದ್ದೂ ಇದೆ. ಮೊದಲೇ ನಾಡಿ ನಿಧಾನ ಇದ್ದವರಿಗೆ, ನಾಡಿ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಹಾಕುವುದಿಲ್ಲ. ಮಿಡಜೋಲಾಮನ್ನು ಮಾತ್ರ ನರದ ಹತ್ತಿರ ಎಂದೂ ಹಾಕಿಲ್ಲ. ಪ್ರಯೋಗಾಲಯದಲ್ಲಿ ನರಕ್ಕೆ ಹಾನಿ ಕಂಡಿದೆ, ಆ ಉಸಾಬರಿ ನನಗೆ ಬೇಡ. ಮತ್ತೆ, ರಾತ್ರಿ ಪೂರ್ತಿ ಕೈ ಮರಗಟ್ಟಿದ್ದರೆ ಪ್ಲಾಸ್ಟರ್ ಒಳಗೆ ಬಾವು ಬಿಗಿದರೂ ನೋವು ಗೊತ್ತಾಗುವುದಿಲ್ಲ. ಜಜ್ಜಿದ ಮುಂಗೈಗೆ ಸರ್ಜನ್‌ನ ಕೇಳದೆ ಉದ್ದದ ಬ್ಲಾಕ್ ಕೊಡಬೇಡಿ.

ಪುಸ್ತಕದಲ್ಲಿ ಓದದ ಒಂದು ವಿಷಯ ತೆಲಂಗಾಣ ಗಡಿಯ ಸೇಡಂ ಕಡೆಯ ಮುತ್ಯಾ ಕಲಿಸಿದ. ಬ್ಲಾಕ್ ಚೆನ್ನಾಗಿ ಹಿಡಿದಿತ್ತು, ಕೈ ಕಲ್ಲಾಗಿತ್ತು, ಆದರೂ ಮಿಡಜೋಲಾಮ್ 1, ಮತ್ತೆ 1, ಮತ್ತೆ 1 ಕೊಟ್ಟರೂ ಎದ್ದು ಕೂರಲು ನೋಡುತ್ತಿದ್ದ. ಹೊರಗೆ ಮಗನನ್ನು ಕೇಳಿದೆ. 'ದಿನಾ ಗಡಿ ದಾಟಿ ಸೇಂದಿ ಕುಡಿದು ಬರ್ತಾನ್ರಿ ಸಾಹೇಬ್ರ' ಅಂದ. ಕಲಬೆರಕೆ ಸೇಂದಿಯಲ್ಲಿ ಆಲ್ಪ್ರಜೋಲಾಮ್, ಡೈಜೆಪಾಮ್ ಇರುತ್ತವೆ, ಮಿಡಜೋಲಾಮ್‌ನ ದಾಯಾದಿಗಳೇ. ಮೈ ಒಗ್ಗಿಹೋಗಿದೆ, ನನ್ನ ಮೂರು ಮಿಲಿಗ್ರಾಂ ಯಾವ ಲೆಕ್ಕ? ಅದನ್ನು ನಿಲ್ಲಿಸಿ ಡೆಕ್ಸ್‌ಮೆಡೆಟೊಮಿಡಿನ್ ಡ್ರಿಪ್ ನಿಧಾನಕ್ಕೆ ಹಾಕಿದೆ, ಮಗನನ್ನು ಗೌನು ಹಾಕಿಸಿ ತಲೆ ಹತ್ತಿರ ಕೂರಿಸಿದೆ. ಹೆಚ್ಚು ಕೆಲಸ ಮಾಡಿದ್ದು ಮಗನೇ ಇರಬೇಕು. ವಾರ್ಡ್‌ನಲ್ಲಿ ಎರಡು ದಿನ ಸೇಂದಿ ಇಲ್ಲದೆ ನಡುಕ, ಫಿಟ್ಸ್ ಬರಬಹುದು, ಕಣ್ಣಿಡಿ ಅಂತ ಸಿಸ್ಟರ್‌ಗೂ ಬರೆದುಕೊಟ್ಟೆ.

ಅಂದಿನಿಂದ ಬಿಪಿ, ಸಕ್ಕರೆ ಆದ ಮೇಲೆ ಸೇಂದಿಯನ್ನೂ ಕೇಳುತ್ತೇನೆ. ಮೊನ್ನೆ ಒಬ್ಬರು ಹೆಂಡತಿ ಕಡೆ ಓರೆಗಣ್ಣು ಹಾಕಿ, 'ಆಕಿ ಹೊರಗ ಹೋಗ್ಲಿ ಸಾಹೇಬ್ರ, ಹೇಳ್ತೀನಿ' ಅಂದರು.